ಗೋಲ್ಡನ್ ಗ್ಲೋಬ್ ಗೆದ್ದವರಿಗೇ ಆಸ್ಕರ್ ಸಿಗುತ್ತದೆಯೇ?
ಹಾಗೇನೂ ಇಲ್ಲ. 2025ರ ಜನವರಿಯನ್ನೇ ನೋಡಿ. ಗ್ಲೋಬ್ ಸಮಾರಂಭದಲ್ಲಿ 'ದಿ ಬ್ರೂಟಲಿಸ್ಟ್', 'ಎಮಿಲಿಯಾ ಪೆರೆಜ್' ಚಿತ್ರಗಳು ಮೆರೆದವು. 'ಅನೋರಾ' ಬರಿಗೈಯಲ್ಲಿ ಮನೆಗೆ ಹೋಯಿತು. ಅದರ ಕಥೆ ಮುಗಿಯಿತು ಎಂದವರೇ ಹೆಚ್ಚು. ಮಾರ್ಚ್‌ನಲ್ಲಿ ಅತ್ಯುತ್ತಮ ಚಿತ್ರ ಸೇರಿ ಐದು ಆಸ್ಕರ್ ಬಾಚಿಕೊಂಡದ್ದು ಅದೇ ಚಿತ್ರ!

ಕಾರಣ ಸರಳ: ಮತ ಹಾಕುವವರೇ ಬೇರೆ. ಗ್ಲೋಬ್‌ಗೆ ಮತ ಹಾಕುವವರು ಸುಮಾರು 300 ಪತ್ರಕರ್ತರು. ಆಸ್ಕರ್‌ಗೆ ಸುಮಾರು 10,000 ಸಿನಿಮಾ ಮಂದಿ. ಹಾಗಾಗಿ ನಾನು ಗ್ಲೋಬ್‌ಗಿಂತ ಅಮೆರಿಕದ ನಿರ್ಮಾಪಕರ ಸಂಘದ ಪ್ರಶಸ್ತಿಯನ್ನೇ ಹೆಚ್ಚು ನಂಬುತ್ತೇನೆ. ಅಲ್ಲೂ ಆಸ್ಕರ್‌ನಂತೆ ಚಿತ್ರಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಟ್ಟು ಮತ ಹಾಕುತ್ತಾರೆ. ಆ ವರ್ಷ ಅದು 'ಅನೋರಾ'ಗೇ ಒಲಿದಿತ್ತು, ನಿರ್ದೇಶಕರ ಸಂಘದ್ದೂ ಅಷ್ಟೆ. ಆದರೆ ಇದೂ ವೇದವಾಕ್ಯವಲ್ಲ: 2020ರಲ್ಲಿ ನಿರ್ಮಾಪಕರು '1917'ಕ್ಕೆ ಮಣೆ ಹಾಕಿದರು, ಆಸ್ಕರ್ ಹೋದದ್ದು 'ಪ್ಯಾರಾಸೈಟ್'ಗೆ.

ನಟನೆಯ ವಿಭಾಗದಲ್ಲಿ ಮಾತ್ರ ಗ್ಲೋಬ್‌ನ ಲೆಕ್ಕ ಸ್ವಲ್ಪ ಮೇಲು. 2025ರಲ್ಲಿ ಏಡ್ರಿಯನ್ ಬ್ರೋಡಿ, ಜೋಯಿ ಸಲ್ಡಾನಾ, ಕೀರನ್ ಕಲ್ಕಿನ್ ಎರಡೂ ಕಡೆ ಗೆದ್ದರು. ಡೆಮಿ ಮೂರ್ ಒಬ್ಬರು ಪಾಪ, ಗ್ಲೋಬ್ ಜೊತೆಗೆ ನಟರ ಸಂಘದ ಪ್ರಶಸ್ತಿಯನ್ನೂ ಪಡೆದು ಕೊನೆಗೆ ಆಸ್ಕರ್‌ನಲ್ಲಿ 'ಅನೋರಾ'ದ ನಾಯಕಿ ಮೈಕಿ ಮ್ಯಾಡಿಸನ್ ಎದುರು ಸೋತರು. ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಮ್ಯಾಡಿಸನ್‌ಗೆ ಬಂದಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು.