ಅಂತಃಕರಣವೋ, ಅಂತಃಕರುಣೆಯೋ?

ಪ್ರಶ್ನೆ: ನಮ್ಮ ಭಾಗದಲ್ಲಿ ಮರುಕವುಳ್ಳವರನ್ನು ‘ಭಾಳ ಅಂತಃಕರಣದ ಮನುಷ್ಯಾ’ ಎನ್ನುತ್ತೇವೆ. ಅರ್ಥ ಕರುಣೆಯೇ ಆಗಿರುವಾಗ ‘ಅಂತಃಕರುಣೆ’ ಎಂದು ಬರೆಯುವುದು ಸರಿಯಲ್ಲವೇ? ಈ ಪದದ ಮೂಲವೇನು?
— ಓದುಗರೊಬ್ಬರು, ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ‘ಅಂತಃಕರಣ’ ಎಂಬುದೇ ಸರಿಯಾದ ರೂಪ, ಮೂಲದಲ್ಲಿ ಅದಕ್ಕೂ ಕರುಣೆಗೂ ಅರ್ಥದ ನಂಟಿಲ್ಲ. ಸಂಸ್ಕೃತದ ‘ಅಂತರ್’ ಎಂದರೆ ಒಳಗೆ. ‘ಅಂತರಂಗ’ ಎಂಬ ಪದದಲ್ಲಿ ಉಳಿದುಕೊಂಡಿರುವ ಅದರ ರೇಫವು, ಅಂದರೆ ರಕಾರವು, ಕಕಾರ, ಪಕಾರಗಳ ಮುಂದೆ ವಿಸರ್ಗವಾಗುವುದರಿಂದ ಅಂತಃಕರಣ, ಅಂತಃಪುರ ಎಂದು ಬರೆಯುತ್ತೇವೆ. ‘ಕರಣ’ವು ‘ಮಾಡು’ ಎಂಬರ್ಥದ ‘ಕೃ’ ಧಾತುವಿನಿಂದ ಬಂದದ್ದು. ಅದರ ಅರ್ಥ ಸಾಧನ. ಶಾಲೆಯ ವ್ಯಾಕರಣದಲ್ಲಿ ಓದಿದ ಕರಣಕಾರಕದಲ್ಲಿರುವುದೂ ಇದೇ ಪದ.

ಹೀಗಾಗಿ ಅಂತಃಕರಣವೆಂದರೆ ಒಳಗಿನ ಸಾಧನ. ಸಾಂಖ್ಯ ದರ್ಶನವು ಕಣ್ಣು, ಕಿವಿ, ಕೈ, ಕಾಲು ಮೊದಲಾದ 10 ಇಂದ್ರಿಯಗಳನ್ನು ಬಾಹ್ಯಕರಣಗಳೆಂದೂ ಬುದ್ಧಿ, ಅಹಂಕಾರ, ಮನಸ್ಸು ಈ ಮೂರನ್ನು ಅಂತಃಕರಣವೆಂದೂ ಕರೆದು, ಒಟ್ಟು 13 ಕರಣಗಳನ್ನು ಹೇಳುತ್ತದೆ. ವೇದಾಂತಿಗಳು ಅಂತಃಕರಣಕ್ಕೆ ಚಿತ್ತವನ್ನೂ ಸೇರಿಸಿ ನಾಲ್ಕೆಂದು ಎಣಿಸುತ್ತಾರೆ. ಅಹಂಕಾರವನ್ನೂ ಒಳಗೊಂಡಿದ್ದ ಶಾಸ್ತ್ರದ ಮಾತೊಂದು ಕನ್ನಡಿಗರ ಬಾಯಲ್ಲಿ ವಾತ್ಸಲ್ಯದ ಹೆಸರಾಗಿರುವುದು ನನಗೆ ಬಹಳ ಮೆಚ್ಚಿಕೆಯ ಸಂಗತಿ. ಹಿಂದಿಯಲ್ಲಿ ಇದೇ ಪದ ಹೆಚ್ಚಾಗಿ ಮನಸ್ಸಾಕ್ಷಿಯನ್ನು ಸೂಚಿಸುತ್ತದೆ.

ಕನ್ನಡದ ಈ ಅರ್ಥಕ್ಕೆ ನಮ್ಮ ನುಡಿಯಲ್ಲೇ ಜೊತೆಯಿದೆ. ‘ಕರುಳಿಲ್ಲದವನು’ ಎಂದಾಗ ನಾವು ಅಂಗವನ್ನು ಹೆಸರಿಸಿ ಅದರೊಳಗಿನ ಮಮತೆಯ ಮಾತಾಡುತ್ತೇವೆ. ‘ಅಂತಃಕರಣ ಇಲ್ಲದಾಂವ’ ಎಂಬಲ್ಲಿಯೂ ಮನಸ್ಸಿನ ಹೆಸರು ಆ ಮನಸ್ಸಿನ ಮೃದುತ್ವಕ್ಕೆ ಸಂದಿದೆ. ಕರುಣೆಯೊಂದಿಗಿನ ಉಚ್ಚಾರಣೆಯ ಹೋಲಿಕೆಯೂ ಇದಕ್ಕೆ ನೆರವಾಗಿರಬಹುದೆಂಬುದು ನನ್ನ ಊಹೆ. ಆದರೂ ಎರಡೂ ಒಂದೇ ಅಲ್ಲ. ಕರುಣೆ ಸಾಮಾನ್ಯವಾಗಿ ಕಷ್ಟದಲ್ಲಿರುವವರ ಮೇಲೆ, ಅನೇಕ ವೇಳೆ ಮೇಲಿನವರಿಂದ ಕೆಳಗಿನವರ ಕಡೆಗೆ ಹರಿಯುತ್ತದೆ. ಅಂತಃಕರಣಕ್ಕೆ ಅಂತಹ ಏರುತಗ್ಗಿಲ್ಲ: ಮನೆಗೆ ಬಂದ ಬೀಗರಿಗೆ ಇನ್ನೊಂದು ರೊಟ್ಟಿ ಬಡಿಸಿ ಒತ್ತಾಯಿಸುವವರನ್ನೂ, ಬಾಡಿಗೆಗಿರುವ ವಿದ್ಯಾರ್ಥಿಯ ಪರೀಕ್ಷೆಯ ಬಗ್ಗೆ ವಿಚಾರಿಸುವ ಮನೆಯೊಡತಿಯನ್ನೂ ಅಂತಃಕರಣದವರು ಎನ್ನುತ್ತೇವೆ, ಅಲ್ಲಿ ಕರುಣೆ ಎಂದರೆ ಮಾತು ಕೆಡುತ್ತದೆ.

‘ಅಂತಃಕರಣಪೂರ್ವಕವಾಗಿ’ ಎಂಬ ಪ್ರಯೋಗದಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ನಿಚ್ಚಳವಾಗಿದೆ. ಅದು ‘ಮನಃಪೂರ್ವಕವಾಗಿ’ ಎಂಬುದಕ್ಕೆ ಸಮಾನ. ಆಡುಮಾತಿನಲ್ಲಿ ವಿಸರ್ಗ ಬಿದ್ದು ‘ಅಂತಕರಣ’ವಾಗುವುದು ಸಹಜ. ಬರಹದಲ್ಲಿ ವಿಸರ್ಗವನ್ನು ಉಳಿಸಿಕೊಳ್ಳಿ, ‘ಕರುಣೆ’ಯನ್ನು ಅದರೊಂದಿಗೆ ಜೋಡಿಸಬೇಡಿ.