ಹುಳು ಮನೆಯ ಬಾಗಿಲು: ಒಂದು ಆಪ್ತಸಲಹೆ ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ 72 ವರ್ಷದ ರೇಷ್ಮೆ ಬೆಳೆಗಾರರೊಬ್ಬರನ್ನು ಅವರ ಮಗ ಮತ್ತು ಸೊಸೆ ನನ್ನ ಬಳಿ ಕರೆತಂದಿದ್ದರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರು 'ಯಜಮಾನರು' ಅಷ್ಟೆ. ಐದು ತಿಂಗಳಿಂದ ಯಾರೊಡನೆಯೂ ಬೆರೆಯುತ್ತಿಲ್ಲ, ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ, ನಡುರಾತ್ರಿ ಎದ್ದು ಕೂರುತ್ತಾರೆ, ನೆಂಟರ ಹೆಸರು ಮರೆಯುತ್ತಾರೆ ಎಂದು ಮಗ ಒಂದೊಂದಾಗಿ ಹೇಳಿದರು. ಮರೆಗುಳಿ ಕಾಯಿಲೆ ಶುರುವಾಗಿರಬಹುದೆಂಬ ಭಯ ಅವರಿಗೆ. ಯಜಮಾನರು ಮಾತ್ರ ಗೋಡೆಯ ಕಡೆ ನೋಡುತ್ತ ಕುಳಿತಿದ್ದರು.

ಐದು ತಿಂಗಳ ಹಿಂದೆ ಏನಾಯಿತೆಂದು ಕೇಳಿದಾಗ ಸಂಗತಿ ಹೊರಬಂತು. ಬೆಳೆ ಮುಗಿದು, ರೇಷ್ಮೆ ಹುಳು ಸಾಕುವ ಹುಳು ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದಿದ್ದ ದಿನ ಅವರು ಒದ್ದೆ ನೆಲದ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಮೂಳೆ ಕೂಡಿಕೊಂಡಿತು. ಆದರೆ ಅಂದಿನಿಂದ ಮಗ ಅವರನ್ನು ಹುಳು ಮನೆಯ ಬಾಗಿಲು ದಾಟಲು ಬಿಟ್ಟಿರಲಿಲ್ಲ. "ದುಡಿದಿದ್ದು ಸಾಕು, ಕೂತ್ಕೊಂಡು ತಿನ್ಲಿ ಮೇಡಂ" ಎಂದ ಆ ಮಗನ ಪ್ರೀತಿಯಲ್ಲಿ ನನಗೆ ಸಂಶಯವಿರಲಿಲ್ಲ.

ಮನಸ್ಸಿನ ವಿಷಯಕ್ಕೆ ಕೈಹಾಕುವ ಮೊದಲು ವೈದ್ಯರ ಬಳಿ ಕಳುಹಿಸಿದೆ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವು ಮೂರೂ ವಯಸ್ಸಾದವರಲ್ಲಿ ಮರೆವಿನ ವೇಷ ಹಾಕಿಕೊಂಡು ಬರಬಲ್ಲವು. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಬಿ12 ದೋಷ ಕಾಣಲಿಲ್ಲವಾದರೂ, ಕುಳಿತವರು ಎದ್ದು ನಿಂತೊಡನೆ ಅವರ ರಕ್ತದೊತ್ತಡ ಇಳಿಯುತ್ತಿತ್ತು, ಎಡಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಬಿ.ಪಿ. ಮಾತ್ರೆಯನ್ನು ವೈದ್ಯರು ಬದಲಿಸಿದರು, ಪೊರೆಯ ಶಸ್ತ್ರಚಿಕಿತ್ಸೆಯೂ ಆಯಿತು. ಬಿದ್ದದ್ದಕ್ಕೆ ಒದ್ದೆ ನೆಲವೊಂದೇ ಕಾರಣವಾಗಿರಲಿಕ್ಕಿಲ್ಲ ಎಂಬುದು ಮಗನಿಗೆ ಆಗ ಅರಿವಾಯಿತು.

ವೃದ್ಧರ ಖಿನ್ನತೆಯನ್ನು ಅಳೆಯುವ 15 ಪ್ರಶ್ನೆಗಳ ಮಾಪಕದಲ್ಲಿ ಯಜಮಾನರಿಗೆ 8 ಅಂಕ ಬಂದವು. 5 ದಾಟಿದರೆ ಗಮನ ಬೇಕು. ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ ಎಂಬ ಪ್ರಶ್ನೆಗೆ ಅವರು ಮೊದಲ ಬಾರಿ ನನ್ನ ಮುಖ ನೋಡಿ, "ಹುಳು ಮನೇನೂ ಮನೇನೇ ಅಲ್ವಾಮ್ಮ?" ಎಂದರು.

ಆ ಮಾತಿನ ತೂಕ ನನಗೆ ಅಂದೇ ತಿಳಿಯಬೇಕಿತ್ತು. ತಿಳಿಯದೆ, ಬೆಳಿಗ್ಗೆ ನಡಿಗೆ, ಸಂಜೆ ಭಜನೆ ಎಂಬ ಸಿದ್ಧ ಸಲಹೆ ಕೊಟ್ಟು ಕಳುಹಿಸಿದೆ. ಮೂರು ವಾರ ಬಿಟ್ಟು ಬಂದವರು, "ಕೆಲ್ಸ ಇಲ್ದೋನ ಥರ ರೋಡಲ್ಲಿ ತಿರುಗೋಕೆ ನಾಚಿಕೆಯಾಗ್ತದಮ್ಮ" ಎಂದರು. ತಪ್ಪು ನನ್ನದು.

ಆಗ ಅವರ ಕೆಲಸದ ಬಗ್ಗೆಯೇ ಕೇಳಿದೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದಕ್ಕೆ 'ಜ್ವರ' ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ, ಹಿಪ್ಪುನೇರಳೆ ಸೊಪ್ಪು ಮುಟ್ಟದೆ, ಅಲುಗಾಡದೆ ಇರುತ್ತದೆ. ನೂರಕ್ಕೆ 95 ಹುಳುಗಳಾದರೂ ಜ್ವರದಿಂದ ಎದ್ದ ಮೇಲೆ ಸೊಪ್ಪು ಹಾಕಬೇಕು. ಆತುರಪಟ್ಟರೆ ಹುಳು ಹೆಚ್ಚುಕಡಿಮೆಯಾಗಿ ಬೆಳೆದು ಗೂಡು ಕಟ್ಟುವಾಗ ತೊಂದರೆ. ಇಷ್ಟನ್ನು ಹೇಳುವಾಗ ಅವರ ಬಲಗೈ ಮೇಜಿನ ಮೇಲೆ, ಸೊಪ್ಪು ಸರಿಸಿ ನೋಡುವಂತೆ, ಮೆಲ್ಲಗೆ ಚಲಿಸುತ್ತಿತ್ತು. ಒಂದು ಹೆಸರೂ ಒಂದು ಲೆಕ್ಕವೂ ಮರೆಯಲಿಲ್ಲ.

ಯಶಸ್ವಿ ವಾರ್ಧಕ್ಯಕ್ಕೆ ಸಂಶೋಧಕರಾದ ರೋವ್ ಮತ್ತು ಕಾಹ್ನ್ 1997ರಲ್ಲಿ ವಿವರಿಸಿದ ಮೂರು ಲಕ್ಷಣಗಳಲ್ಲಿ ಕಾಯಿಲೆ ಇಲ್ಲದಿರುವುದೂ ಒಂದು. ಆ ಅಳತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಈ ಯಜಮಾನರು ಮೊದಲ ಮೆಟ್ಟಿಲಲ್ಲೇ ಸೋಲುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಒಪ್ಪಿಗೆ: ತನಗೆ ಮುಖ್ಯವೆನಿಸಿದ್ದನ್ನು ಮಾಡುವ ಶಕ್ತಿ ಉಳಿದಿದೆಯೇ ಎಂಬುದೇ ಅಲ್ಲಿನ ಪ್ರಶ್ನೆ. ಆ ಶಕ್ತಿಯನ್ನು ಉಳಿಸುವ ಬಗೆಯನ್ನು ಮನೋವಿಜ್ಞಾನಿಗಳಾದ ಬಾಲ್ಟೆಸ್ ದಂಪತಿ 1990ರಲ್ಲಿ ಹೇಳಿದ್ದಾರೆ. ಕೆಲಸಗಳನ್ನು ಕಡಿಮೆ ಮಾಡಿ ಆರಿಸಿಕೊಳ್ಳುವುದು, ಆರಿಸಿದ್ದರಲ್ಲಿ ಪಳಗುವುದು, ಕುಂದಿದ್ದನ್ನು ಬೇರೆ ಉಪಾಯದಿಂದ ಸರಿದೂಗಿಸುವುದು.

ಅದರಂತೆ ಮನೆಯವರನ್ನೆಲ್ಲ ಕೂರಿಸಿಕೊಂಡು ಒಪ್ಪಂದ ಮಾಡಿದೆವು. ಸೊಪ್ಪಿನ ಹೊರೆ ಹೊರುವುದು, ಏಣಿ ಹತ್ತುವುದು, ತೊಳೆದ ದಿನ ಒಳಗೆ ಹೋಗುವುದು ಇವು ಯಜಮಾನರಿಗೆ ಇಲ್ಲ. ಜ್ವರ ನೋಡುವುದು ಮತ್ತು ಮೊದಲ ಸೊಪ್ಪು ಯಾವಾಗ ಎಂದು ತೀರ್ಮಾನಿಸುವುದು ಅವರದೇ, ಅದರಲ್ಲಿ ಮಗ ತಲೆಹಾಕಬಾರದು. ಹುಳು ಸಾಕುವ ಸ್ಟ್ಯಾಂಡುಗಳ ಉದ್ದಕ್ಕೂ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ, ಒಳ್ಳೆಯ ಬೆಳಕು, ಜಾರದ ಚಪ್ಪಲಿ. ಬೀಳುವ ಭಯದಿಂದ ಕೂತಲ್ಲೇ ಕೂತರೆ ತೊಡೆಯ ಸ್ನಾಯು ಸೊರಗಿ ಬೀಳುವ ಸಂಭವವೇ ಹೆಚ್ಚುತ್ತದೆಂದು ಮಗನಿಗೆ ಬಿಡಿಸಿ ಹೇಳಿದೆ. ವಾರಕ್ಕೆ ಕನಿಷ್ಠ ಮೂರು ದಿನ, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ಎಂದು ಗೊತ್ತುಮಾಡಿದೆವು. ಮುದ್ದೆಯ ಜೊತೆ ಕಾಳಿನ ಸಾರು ಅಥವಾ ಮೊಟ್ಟೆ ತಪ್ಪದಂತೆ ನೋಡಿಕೊಳ್ಳುವುದಾಗಿ ಸೊಸೆ ಒಪ್ಪಿದರು.

ಎರಡು ಬೆಳೆ ಕಳೆದ ಮೇಲೆ ಖಿನ್ನತೆಯ ಅಂಕ 4ಕ್ಕೆ ಇಳಿದಿತ್ತು, ನಿದ್ದೆ ಸುಧಾರಿಸಿತ್ತು. ಅಪ್ಪ, ಮಗನ ಜಗಳ ಹೆಚ್ಚಾಗಿದೆ ಎಂದು ಸೊಸೆ ನಗುತ್ತಲೇ ದೂರಿದರು. ಊರುಗೋಲಿನ ವಿಷಯದಲ್ಲಿ ಮಾತ್ರ ನಾನಿನ್ನೂ ಗೆದ್ದಿಲ್ಲ; ಅದು ಹುಳು ಮನೆಯ ಹೊರಗಿನ ಮೊಳೆಗೆ ನೇತುಬಿದ್ದಿದೆ.