ಚಾರ್ಮ್ ಬೇರೆ, ಗ್ಲ್ಯಾಮರ್ ಬೇರೆ

ಓದುಗರ ಪತ್ರ: ಕಳೆದ ಸಂಚಿಕೆಯ ಅನುವಾದಿತ ಲೇಖನದಲ್ಲಿ ಚಾರ್ಮ್ ಎಂಬುದಕ್ಕೆ ಮೋಡಿ, ಗ್ಲ್ಯಾಮರ್ ಎಂಬುದಕ್ಕೆ ಥಳಕು, ಫ್ಯಾಸಿನೇಷನ್ ಎಂಬುದಕ್ಕೆ ಮರುಳು ಎಂದು ಬೇರೆ ಬೇರೆ ಪದಗಳನ್ನು ಹಾಕಿದ್ದೀರಿ. ಮೂರಕ್ಕೂ ಆಕರ್ಷಣೆ ಎಂದರೆ ಸಾಲದೆ? ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ಅನುಭವದಿಂದ ಬರೆಯುತ್ತಿದ್ದೇನೆ. ಇಂಗ್ಲಿಷರೇ ಈ ಪದಗಳನ್ನು ಒಂದರ ಬದಲಿಗೆ ಇನ್ನೊಂದನ್ನು ಬಳಸುತ್ತಾರೆ. ಸಮಾನಾರ್ಥಕ ಪದಗಳ ನಡುವೆ ಇಲ್ಲದ ಗೋಡೆ ಕಟ್ಟಿ ಓದುಗರಿಗೆ ತೊಡಕು ಮಾಡಬೇಡಿ.
— ನಿವೃತ್ತ ಅಧ್ಯಾಪಕರು, ಹಾಸನ ಜಿಲ್ಲೆ

ಮಾನ್ಯರೆ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. ಅನುವಾದವನ್ನು ಇಷ್ಟು ನಿಗಾ ಇಟ್ಟು ಓದಿ, ಮೂರು ಪದಗಳಿಗಾಗಿ ಪತ್ರ ಬರೆಯುವ ಓದುಗರಿರುವುದು ಯಾವ ಪತ್ರಿಕೆಗಾದರೂ ಭಾಗ್ಯವೇ ಸರಿ. ತಮ್ಮ ಮಾತಿನಲ್ಲಿ ನಾನು ಒಪ್ಪಬೇಕಾದ ಅಂಶವೂ ಇದೆ: ಪದದ ಹುಟ್ಟು ಅದರ ಇಂದಿನ ಅರ್ಥವನ್ನು ಕಟ್ಟಿಹಾಕಲಾರದು. ಸಿಲ್ಲಿ ಎಂಬ ಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಧನ್ಯ, ಪುಣ್ಯವಂತ ಎಂಬ ಅರ್ಥವಿತ್ತೆಂದು ಇಂದು ಯಾರನ್ನಾದರೂ ಹಾಗೆ ಕರೆದರೆ ಅದು ಹೊಗಳಿಕೆಯಾಗುವುದಿಲ್ಲ. ಬಳಕೆಯೇ ಅರ್ಥದ ಒಡೆಯ. ಆದರೆ ಆ ಬಳಕೆಯನ್ನೇ ಸಾಕ್ಷಿಗೆ ಕರೆದು ನೋಡಿದರೂ ಈ ಮೂರು ಪದಗಳು ಒಂದೇ ಎಂಬ ತಮ್ಮ ವಾದ ನಿಲ್ಲುವುದಿಲ್ಲ.

ಕೊಲೆ ಮೊಕದ್ದಮೆಯೊಂದರ ವಿಚಾರಣೆಯನ್ನು ದಿನವೂ ಬಿಡದೆ ಓದುವ ಇಂಗ್ಲಿಷ್ ಓದುಗ, ಆ ಪ್ರಕರಣ ತನ್ನನ್ನು ಫ್ಯಾಸಿನೇಟ್ ಮಾಡಿದೆ ಎಂದಾನು. ಅದೇ ಪ್ರಕರಣ ತನ್ನನ್ನು ಚಾರ್ಮ್ ಮಾಡಿದೆ ಎಂದರೆ ಕೇಳಿದವರು ಅವನಿಂದ ದೂರ ಸರಿದಾರು. ಹಂಚಿನ ಮಾಡಿನ, ಪಾಚಿ ಹಿಡಿದ ಗೋಡೆಯ ಹಳೆಯ ಮನೆಯೊಂದು ಚಾರ್ಮಿಂಗ್ ಆಗಿರಬಹುದು. ಅದನ್ನು ಗ್ಲ್ಯಾಮರಸ್ ಎಂದವರನ್ನು ನಾನು ಕಂಡಿಲ್ಲ. ಪದಗಳ ನಡುವೆ ಗೋಡೆಯಿಲ್ಲದಿದ್ದರೆ ಹೀಗೇಕೆ ಆಗುತ್ತದೆ? ಮೂವತ್ತು ವರ್ಷ ಪಾಠ ಹೇಳಿದ ತಾವು ಈ ವ್ಯತ್ಯಾಸವನ್ನು ಕಿವಿಯಿಂದ ಬಲ್ಲಿರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪತ್ರ ಬರೆಯುವಾಗ ಮಾತ್ರ ಅದನ್ನು ಬದಿಗಿಟ್ಟಿರಿ.

ಫ್ಯಾಸಿನೇಟ್ ಎಂಬುದರೊಳಗೆ ಇಂದಿಗೂ ಸ್ವಲ್ಪ ಭಯ ಉಳಿದಿದೆ, ಅದಕ್ಕೆ ಕಾರಣವೂ ಇದೆ. ದೃಷ್ಟಿ ತಾಕದಿರಲೆಂದು ರೋಮನ್ನರು ಮಕ್ಕಳ ಕೊರಳಿಗೆ ಕಟ್ಟುತ್ತಿದ್ದ ತಾಯಿತಕ್ಕೆ ಫ್ಯಾಸಿನಮ್ ಎಂಬ ಹೆಸರಿತ್ತು; ಮಾಟ ಮಾಡುವುದಕ್ಕೂ ಅವರು ಅದೇ ಕುಲದ ಪದವನ್ನು ಬಳಸುತ್ತಿದ್ದರು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟಿನಲ್ಲಿ ಈ ಕ್ರಿಯಾಪದಕ್ಕೆ ಮಾಟ ಮಾಡು, ಕೆಟ್ಟದಾದ ಗುಟ್ಟಿನ ರೀತಿಯಲ್ಲಿ ಪ್ರಭಾವ ಬೀರು ಎಂಬ ಅರ್ಥವೇ ಇದೆ, ಮೆಚ್ಚುಗೆಯ ಸುಳಿವಿಲ್ಲ. ಹಾವು ತನ್ನ ನೋಟದಿಂದಲೇ ಹಕ್ಕಿಯನ್ನು ಕದಲದಂತೆ ನಿಲ್ಲಿಸುತ್ತದೆ ಎಂಬ ಹಳೆಯ ನಂಬಿಕೆಯನ್ನು ಹೇಳಲೂ ಇಂಗ್ಲಿಷರು ಇದೇ ಪದವನ್ನು ಬಳಸಿದರು. ಕೂಸಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅನುವಾದಕರು ಇಲ್ಲಿ ಮರುಳು ಎಂದದ್ದನ್ನು ನಾನು ಪೂರ್ಣ ಮನಸ್ಸಿನಿಂದ ಸಮರ್ಥಿಸುತ್ತೇನೆ. ಬುದ್ಧಿ ಕೈತಪ್ಪುವುದು, ದೆವ್ವ, ಮೋಹ ಮೂರೂ ಆ ಒಂದು ಕನ್ನಡ ಪದದಲ್ಲಿವೆ.

ಚಾರ್ಮ್ ಹುಟ್ಟಿದ್ದು ಕಣ್ಣಿನಿಂದಲ್ಲ, ಕಂಠದಿಂದ. ಲ್ಯಾಟಿನ್ನಿನ ಕಾರ್ಮೆನ್ ಎಂದರೆ ಹಾಡು, ಪದ್ಯ, ಮಂತ್ರ. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿತು. ಎನ್‌ಚ್ಯಾಂಟ್ ಎಂಬುದರೊಳಗೂ ಹಾಡುವ ಕ್ರಿಯೆಯೇ ಇದೆ, ನಮ್ಮ ಮಂತ್ರಮುಗ್ಧ ಅದಕ್ಕೆ ತೂಕದ ಜೋಡಿ. ಚಾರ್ಮ್ ಉಳ್ಳವರ ನೆನಪು ಬಂದಾಗ ನಮಗೆ ಅವರ ಮೂಗು ಕಣ್ಣುಗಳಿಗಿಂತ ಮೊದಲು ಅವರ ಮಾತು ನೆನಪಾಗುವುದು ಇದರಿಂದಲೇ ಎಂದು ನಾನು ನಂಬಿದ್ದೇನೆ. ಕನ್ನಡದಲ್ಲಿ ಮಾತಿನ ಮೋಡಿ, ಕಂಠದ ಮೋಡಿ ಎನ್ನುತ್ತೇವೆ. ಮಾತಿನ ಆಕರ್ಷಣೆ ಎಂದು ಒಮ್ಮೆ ಹೇಳಿ ನೋಡಿ, ನಾಲಿಗೆಯೇ ಒಪ್ಪುವುದಿಲ್ಲ. ಇಂಗ್ಲಿಷಿನ ಒಳ್ಳೆಯ ಬರಹಗಾರರು ಇಂಥ ಎಳೆಗಳನ್ನು ಎಷ್ಟು ಜೋಪಾನ ಮಾಡುತ್ತಿದ್ದರು ಎಂಬುದಕ್ಕೆ ಜೇನ್ ಆಸ್ಟೆನ್ ಅವರ ಎಮ್ಮಾ ಕಾದಂಬರಿಯ ಮಾತೊಂದು ಸಾಕು: ನಯವಾಗಿ ಮಾತನಾಡಬಲ್ಲ ಆದರೆ ಪರರ ಮನಸ್ಸನ್ನು ಅರಿಯದ ತರುಣನೊಬ್ಬ ಫ್ರೆಂಚಿನಲ್ಲಿ ಮಾತ್ರ ಏಮಿಯಬಲ್, ಎಂದರೆ ಸೌಜನ್ಯವಂತ, ಇಂಗ್ಲಿಷಿನಲ್ಲಿ ಅಲ್ಲ ಎಂದು ಅದರ ಪಾತ್ರವಾದ ನೈಟ್ಲಿ ತೀರ್ಪು ಕೊಡುತ್ತಾನೆ. ಎರಡು ಭಾಷೆಗಳು ಹಂಚಿಕೊಂಡ ಒಂದೇ ಪದದೊಳಗೆ ಒಬ್ಬ ಮನುಷ್ಯನ ಗುಣವನ್ನೇ ಅಳೆದು ತೋರಿಸುವ ಮಾತು ಇದು.

ಇನ್ನು ಗ್ಲ್ಯಾಮರ್. ಇದು ಸ್ಕಾಟ್ಲೆಂಡಿನ ಜನರ ಬಾಯಲ್ಲಿ ಗ್ರ್ಯಾಮರ್ ಎಂಬ ಪದವೇ ತಿರುಗಿ ಆದದ್ದು. ಮಧ್ಯಯುಗದಲ್ಲಿ ಗ್ರ್ಯಾಮರ್ ಎಂದರೆ ಲ್ಯಾಟಿನ್ ವಿದ್ಯೆ, ಒಟ್ಟಾರೆ ಪಾಂಡಿತ್ಯ. ಪುಸ್ತಕ ಓದಬಲ್ಲವನಿಗೆ ಮಾಟವೂ ಗೊತ್ತಿರುತ್ತದೆಂದು ಓದು ಬಾರದವರು ನಂಬಿದ್ದರು. ರಾಬರ್ಟ್ ಬರ್ನ್ಸ್ 1789ರ ಪದ್ಯವೊಂದರಲ್ಲಿ ಈ ಎರಡು ಪದಗಳನ್ನು ಪ್ರಾಸದ ಜೋಡಿಯಾಗಿಸಿ ಮಾಟಗಾರರನ್ನು ಕರೆದಿದ್ದಾನೆ. 1805ರಲ್ಲಿ ವಾಲ್ಟರ್ ಸ್ಕಾಟ್ ತನ್ನ ದೀರ್ಘ ಕಾವ್ಯವೊಂದರಲ್ಲಿ ಇದನ್ನು ಬಳಸಿ ಇಂಗ್ಲಿಷ್ ಓದುಗರಿಗೆ ಪರಿಚಯ ಮಾಡಿಸಿದ. ನೋಡುವವರ ಕಣ್ಣು ಕಟ್ಟಿ, ಇರುವ ವಸ್ತು ಬೇರೆಯಾಗಿ ತೋರುವಂತೆ ಮಾಡುವ ಶಕ್ತಿ ಎಂಬುದು ಅವನು ಕೊಟ್ಟ ವಿವರಣೆ. ಬಣ್ಣ, ಬೆಳಕು, ಕ್ಯಾಮೆರಾ ಕೂಡಿ ಸಿನಿಮಾ ತಾರೆಯೊಬ್ಬರ ಮುಖಕ್ಕೆ ಕೊಡುವ ಹೊಳಪಿಗೆ ಆ ಪದವೇ ಅಂಟಿಕೊಂಡದ್ದು ಆಕಸ್ಮಿಕವಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಊರಿನಲ್ಲಿ ತಾಳೆಗರಿಯ ಕಟ್ಟುಗಳನ್ನು ಅಟ್ಟದ ಮೇಲೆ ಇಟ್ಟುಕೊಂಡಿದ್ದ ಹಿರಿಯರೊಬ್ಬರಿದ್ದರು. ಮುಸ್ಸಂಜೆಯಾದ ಮೇಲೆ ಅವರ ಜಗಲಿಯ ಮುಂದೆ ಹಾಯಲು ನಾವು ಮಕ್ಕಳು ಹೆದರುತ್ತಿದ್ದೆವು. ಆ ಗರಿಗಳಲ್ಲಿ ಇದ್ದದ್ದು ವ್ಯಾಕರಣವೋ ಮಂತ್ರವೋ ನಮಗೆ ತಿಳಿಯದು, ತಿಳಿಯದಿದ್ದುದೇ ಹೆದರಿಕೆಗೆ ಸಾಕಾಗಿತ್ತು. ಬಹಳ ವರ್ಷಗಳ ನಂತರ ಗ್ಲ್ಯಾಮರ್ ಪದದ ಚರಿತ್ರೆಯನ್ನು ಓದಿದಾಗ ಆ ಜಗಲಿ ಕಣ್ಣ ಮುಂದೆ ಬಂದಿತು. ಅದಕ್ಕಿಂತ ದೊಡ್ಡ ಬೆರಗು ಕಾದದ್ದು ನಮ್ಮದೇ ಪದವೊಂದರಲ್ಲಿ. ಬಿನ್ನಾಣ ಎಂಬುದು ವಿಜ್ಞಾನದ ತದ್ಭವ. ಹಳಗನ್ನಡದಲ್ಲಿ ಅದಕ್ಕೆ ಜಾಣ್ಮೆ, ಕೌಶಲ ಎಂಬ ಅರ್ಥವಿತ್ತು. ಬರಬರುತ್ತಾ ಅದು ಕಣ್ಣು ಸೆಳೆಯುವ ಬೆಡಗಾಯಿತು, ಕೊನೆಗೆ ಬಿನ್ನಾಣಗಿತ್ತಿಯವರೆಗೂ ಬಂದಿತು. ಸ್ಕಾಟ್ಲೆಂಡಿನಲ್ಲಿ ವ್ಯಾಕರಣ ಹಿಡಿದ ದಾರಿಯನ್ನೇ ಕನ್ನಡ ನಾಡಿನಲ್ಲಿ ವಿಜ್ಞಾನವೂ ಹಿಡಿದಿದೆ, ಒಂದಕ್ಕೊಂದು ಸುದ್ದಿಯಿಲ್ಲದೆ. ಇಂಥ ಪದ ಮನೆಯಲ್ಲಿರುವಾಗ ಗ್ಲ್ಯಾಮರ್ ಎಂಬುದಕ್ಕೆ ಆಕರ್ಷಣೆ ಎನ್ನಲು ನನ್ನ ಕೈ ಬರುವುದಿಲ್ಲ.

ಆಕರ್ಷಣೆಯ ಮೇಲೆ ನನಗೆ ದ್ವೇಷವಿಲ್ಲ. ಎಳೆ, ಸೆಳೆ ಎಂಬ ಅರ್ಥದ ಕೃಷ್ ಧಾತುವಿನಿಂದ ಅದೂ ಬಂದಿದೆ, ನೇಗಿಲೆಳೆಯುವ ಕೃಷಿಯೂ ಬಂದಿದೆ. ಇಂಗ್ಲಿಷಿನ ಅಟ್ರಾಕ್ಷನ್ ಪದದಲ್ಲಿರುವುದು ಅದೇ ಅರ್ಥದ ಲ್ಯಾಟಿನ್ ಧಾತು, ಟ್ರ್ಯಾಕ್ಟರ್ ಅದರ ಒಡಹುಟ್ಟು. ಎರಡು ಪದಗಳು ಇದಕ್ಕಿಂತ ಸಮನಾಗಿ ಕೂಡಲಾರವು. ಆಯಸ್ಕಾಂತಕ್ಕೂ ಭೂಮಿಗೂ ಇರುವ ಸೆಳೆತಕ್ಕೆ ಅದು ಸರಿಯಾದ ಪದ. ನನ್ನ ದೂರು ಆ ಒಂದೇ ಎತ್ತಿಗೆ ಊರಿನ ಹೊರೆಯನ್ನೆಲ್ಲ ಹೇರಿದವರ ಮೇಲೆ. ರಿಯಾಯಿತಿ ಆಕರ್ಷಕ, ಬಹುಮಾನ ಆಕರ್ಷಕ, ಆಟಗಾರನ ಅರ್ಧಶತಕ ಆಕರ್ಷಕ, ಜಂಬೂಸವಾರಿಯ ಸ್ತಬ್ಧಚಿತ್ರ ಆಕರ್ಷಕ, ಮದುಮಗಳೂ ಆಕರ್ಷಕ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ಹತ್ತು ಇಂಗ್ಲಿಷ್ ಪದಗಳನ್ನು ಕೆಳಗೆ ಕೆಳಗೆ ಬರೆದು ಎದುರಿಗೆ ಒಂದೇ ಕನ್ನಡ ಪದವನ್ನು ಇಟ್ಟಿರುತ್ತಾರೆ. ಅದನ್ನು ಉರು ಹೊಡೆದ ಹುಡುಗನಿಗೆ ಇಂಗ್ಲಿಷಿನ ಹತ್ತು ಪದಗಳೂ ದಕ್ಕುವುದಿಲ್ಲ, ಕನ್ನಡದ ಸೊಬಗು, ಒನಪು, ಒಯ್ಯಾರ, ಬೆಡಗು, ಲಾವಣ್ಯ ಎಂಬವೂ ಕೈಬಿಟ್ಟು ಹೋಗುತ್ತವೆ. ಆಮೇಲೆ ಅವನೇ ಪತ್ರಿಕಾ ಕಚೇರಿಗೆ ಬಂದು, ಇಂಗ್ಲಿಷಿನಲ್ಲಿ ಇರುವಷ್ಟು ಪದಗಳು ಕನ್ನಡದಲ್ಲಿಲ್ಲ ಎಂದು ನೊಂದುಕೊಳ್ಳುತ್ತಾನೆ. ಈ ಮಾತನ್ನು ನಾನು ನಮ್ಮ ಮೇಜಿನ ಬಳಿಯೇ ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಸಂಕಟವಾಗಿದೆ. ಕರಿಸ್ಮಾ ಎಂಬುದಕ್ಕೆ ನಮ್ಮ ಹಿಂದಿನ ಪತ್ರಕರ್ತರು ವರ್ಚಸ್ಸು ಎಂದು ಹುಡುಕಿ ಕೊಡಲಿಲ್ಲವೆ? ಗ್ರೀಕರ ಆ ದೈವದತ್ತ ಗುಣಕ್ಕೆ ತೇಜಸ್ಸಿನ ಈ ಪದ ಎಷ್ಟು ಚೆನ್ನಾಗಿ ಹೊಂದಿಕೊಂಡಿತು!

ಆದುದರಿಂದ ಮೋಡಿಯೂ ಮರುಳೂ ಹಾಗೆಯೇ ಉಳಿಯುತ್ತವೆ. ಥಳಕು ಇದ್ದಲ್ಲಿ ಮುಂದೆ ಬಿನ್ನಾಣ ಬರಲಿದೆ, ಅದಕ್ಕೆ ತಮ್ಮ ಪತ್ರವೇ ಕಾರಣ. ಅದೇ ಲೇಖನದ ಮುಂದಿನ ಕಂತಿನಲ್ಲಿ ಅಲ್ಯೂರ್ ಎಂಬ ಪದ ಕಾದು ಕುಳಿತಿದೆ. ಬೇಟೆಯ ಗಿಡುಗವನ್ನು ಮರಳಿ ಕರೆಯಲು ಗರಿ ಕಟ್ಟಿ, ಮಾಂಸದ ತುಣುಕು ಸಿಕ್ಕಿಸಿ, ದಾರದಲ್ಲಿ ಬೀಸುತ್ತಿದ್ದ ವಸ್ತುವಿಗೆ ಲ್ಯೂರ್ ಎಂದು ಹೆಸರು, ಅಲ್ಯೂರ್ ಬಂದದ್ದು ಅಲ್ಲಿಂದ. ಗಿಡುಗದ ಬೇಟೆ ನಮ್ಮವರಿಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅದನ್ನು ಅರಸರ ವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಮಾಂಸ ಎಂಬ ಅರ್ಥದಿಂದಲೇ ಹೊರಟ ಆಮಿಷ ಇದಕ್ಕೆ ತಕ್ಕ ಪದವಾಗಬಹುದಿತ್ತು. ಆದರೆ ಚುನಾವಣೆಯ ಸುದ್ದಿಗಳಲ್ಲಿ ಸೀರೆ, ಹಣ ಹಂಚಿಕೆಯ ಜೊತೆ ಸೇರಿ ಅದು ಕೆಟ್ಟುಹೋಗಿದೆ. ತಮ್ಮ ಸೀಮೆಯಲ್ಲಿ ಹಿರಿಯರು ಆಡುತ್ತಿದ್ದ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ. ಈ ತಿಂಗಳ ಇಪ್ಪತ್ತರೊಳಗೆ ಬಂದರೆ ಮುಂದಿನ ಸಂಚಿಕೆಗೆ ಒದಗುತ್ತದೆ.

— ಸಂಪಾದಕ